ಮಳೆಗೆ ಮುಂಚೆ ಮೊಳಕೆ ನೋಡಿ: ಬಿತ್ತನೆ ಬೀಜ ಆರಿಸುವುದು, ಪರೀಕ್ಷಿಸುವುದು ಹೇಗೆ

ಬಿತ್ತಿ ವಾರ ಕಳೆದ ಮೇಲೆ ಪೈರು ಅಲ್ಲೊಂದು ಇಲ್ಲೊಂದು ಎದ್ದಿದ್ದರೆ ಆಗ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ನೆಲದ ಹದ ಹೋಗಿರುತ್ತದೆ, ಗೊಬ್ಬರ ಮಣ್ಣು ಸೇರಿರುತ್ತದೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟಾಗಿರುತ್ತದೆ. ಅಂಗಡಿಗೆ ಓಡಿದರೆ ನಮಗೆ ಬೇಕಾದ ತಳಿಯ ಬೀಜ ಖಾಲಿ. ಅದೇ ಚೀಲದಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೆ ಇದೆಲ್ಲ ಮೂರು ವಾರ ಮೊದಲೇ ತಿಳಿಯುತ್ತಿತ್ತು. ಪರೀಕ್ಷೆಗೆ ಖರ್ಚೇ ಇಲ್ಲ. ಬೇಕಾದದ್ದು ಸಮಯ ಮಾತ್ರ: ಫಲಿತಾಂಶ ಕೆಟ್ಟದಾಗಿ ಬಂದರೆ ಬೀಜ ಬದಲಾಯಿಸಲು ದಿನಗಳು ಉಳಿದಿರಬೇಕು. ಜೂನ್ ಮೊದಲಲ್ಲಿ ಬಿತ್ತುವ ಸೋಯಾ, ಹೆಸರು, ಉದ್ದು, ತೊಗರಿಯನ್ನು ಮೇ ಎರಡನೇ ವಾರದೊಳಗೆ ನೋಡಿಬಿಡಿ. ಜುಲೈಯಲ್ಲಿ ಬಿತ್ತುವ ರಾಗಿಗೆ ಜೂನ್ ಮೊದಲ ವಾರ ಸರಿ.

ಕೊಳ್ಳುವ ಬೀಜ: ಮೊದಲು ಚೀಟಿ ಓದಿ

ಚೀಲಕ್ಕೆ ಹೊಲಿದ ಚೀಟಿಯ ಬಣ್ಣವೇ ಬೀಜದ ದರ್ಜೆ ಹೇಳುತ್ತದೆ. ಹೊಂಬಣ್ಣದ ಹಳದಿ ಚೀಟಿ ತಳಿವರ್ಧಕ ಬೀಜಕ್ಕೆ, ಬಿಳಿ ಮೂಲ ಬೀಜಕ್ಕೆ, ತಿಳಿನೀಲಿ ಪ್ರಮಾಣಿತ ಬೀಜಕ್ಕೆ. ಮಸುಕು ಹಸಿರು ಚೀಟಿ ಇದ್ದರೆ ಅದು ಪ್ರಮಾಣೀಕರಣಕ್ಕೆ ಒಳಪಡದ ಬೀಜ. ಗುಣಮಟ್ಟಕ್ಕೆ ಮಾರುವವರೇ ಹೊಣೆ ಹೊತ್ತು ಬರೆದುಕೊಟ್ಟದ್ದು. ಬೆಳೆ ತೆಗೆಯಲು ಸಾಮಾನ್ಯ ರೈತರಿಗೆ ಬೇಕಾದದ್ದು ನೀಲಿ ಚೀಟಿಯ ಬೀಜ. ಹಸಿರು ಚೀಟಿಯದೆಲ್ಲ ಕೆಟ್ಟದ್ದು ಎಂದಲ್ಲ. ಖಾಸಗಿ ಹೈಬ್ರಿಡ್‌ಗಳು ಬಹುಪಾಲು ಬರುವುದೇ ಹಾಗೆ. ಆದರೆ ಅಂಥ ಬೀಜದ ಹೊಲಕ್ಕೆ ಪ್ರಮಾಣೀಕರಣ ಸಂಸ್ಥೆಯವರು ಬಂದು ನೋಡಿರುವುದಿಲ್ಲ ಎಂಬುದು ತಿಳಿದಿರಲಿ.

ಚೀಟಿಯಲ್ಲಿ ನೋಡಬೇಕಾದವು: ತಳಿಯ ಹೆಸರು, ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಬೀಜದ ರಾಶಿಗೆ ಕೊಟ್ಟ ಗುರುತು), ಮೊಳಕೆ ಪ್ರಮಾಣ, ಭೌತಿಕ ಶುದ್ಧತೆ, ಪರೀಕ್ಷೆ ಮಾಡಿದ ದಿನಾಂಕ, ಅವಧಿ ಮುಗಿಯುವ ದಿನಾಂಕ. ಇವುಗಳಲ್ಲಿ ಪರೀಕ್ಷೆಯ ದಿನಾಂಕವನ್ನು ಗಮನಿಸುವವರು ಕಡಿಮೆ. ಪ್ರಮಾಣಿತ ಬೀಜದ ಮೊದಲ ಅವಧಿ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು. ಮತ್ತೆ ಪರೀಕ್ಷಿಸಿ ಸರಿ ಬಂದರೆ ಇನ್ನೂ ಆರು ತಿಂಗಳು ವಿಸ್ತರಿಸಬಹುದು. ಹೀಗಾಗಿ ಚೀಟಿಯಲ್ಲಿ ಇರುವ ಅಂಕಿ ಆ ದಿನದ ಅಂಕಿ. ನಡುವೆ ಬೇಸಿಗೆ ಪೂರ್ತಿ ತಗಡಿನ ಗೋದಾಮಿನಲ್ಲಿ ಕಳೆದ ಸೋಯಾ ಅಥವಾ ಈರುಳ್ಳಿ ಬೀಜ ಈಗಲೂ ಅಷ್ಟೇ ಮೊಳೆಯುತ್ತದೆ ಎಂದು ನಂಬಬೇಡಿ. ಕೊಂಡ ಬೀಜವನ್ನೂ ಮನೆಯಲ್ಲಿ ಪರೀಕ್ಷಿಸಿ. ಚೀಲದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಂತಿದ್ದರೆ, ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಅಲ್ಲೇ ಬಿಟ್ಟು ಬನ್ನಿ. ಬಿಲ್ಲಿನಲ್ಲಿ ತಳಿ, ಲಾಟ್ ಸಂಖ್ಯೆ ಎರಡೂ ಇರುವಂತೆ ಬರೆಸಿಕೊಳ್ಳಿ. ಏಕೆ ಎಂಬುದು ಕೊನೆಯಲ್ಲಿದೆ.

ಮನೆಯ ಬೀಜ: ಆಯ್ಕೆ ಹೊಲದಲ್ಲೇ ಆಗಬೇಕು

ಹೈಬ್ರಿಡ್ ಬೆಳೆಯ ಕಾಳನ್ನು ಮುಂದಿನ ವರ್ಷಕ್ಕೆ ಬೀಜವಾಗಿ ಇಡಬೇಡಿ. ಮೆಕ್ಕೆಜೋಳವಾಗಲಿ ಸೂರ್ಯಕಾಂತಿಯಾಗಲಿ, ಎರಡನೇ ತಲೆಮಾರಿನಲ್ಲಿ ಗುಣಗಳು ಒಡೆದು ಗಿಡ ಎತ್ತರವೊಂದು, ಗಿಡ್ಡವೊಂದು ಆಗುತ್ತವೆ, ಇಳುವರಿ ಬೀಳುತ್ತದೆ. ರಾಗಿ, ಭತ್ತ, ಶೇಂಗಾ, ಸೋಯಾ, ಕಡಲೆಯ ಸುಧಾರಿತ ತಳಿಗಳನ್ನು ಮತ್ತು ನಾಟಿ ತಳಿಗಳನ್ನು ಇಟ್ಟುಕೊಳ್ಳಬಹುದು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸುವ, ಮತ್ತೆ ಬಿತ್ತುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಪ್ರಮಾಣಿತ ಬೀಜ ತಂದು ಹೊಸದಾಗಿ ಶುರು ಮಾಡಿದರೆ ಬೆರಕೆ ಮಿತಿಮೀರುವುದಿಲ್ಲ.

ರಾಶಿ ಮಾಡಿದ ಮೇಲೆ ಒಳ್ಳೆಯ ಕಾಳು ನೋಡಿ ಎತ್ತಿಡುವುದು ಅರ್ಧ ಕೆಲಸ. ಯಾವ ಗಿಡದಿಂದ ಬಂತು ಎಂಬುದನ್ನು ಕಾಳು ಹೇಳುವುದಿಲ್ಲ. ಬೆಂಕಿ ರೋಗ ಬಂದ ತೆನೆಯ ಕಾಳೂ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಹೊಲದ ಅಂಚು, ಬದುವಿನ ಪಕ್ಕ, ನೀರು ನಿಲ್ಲುವ ತಗ್ಗು ಬಿಟ್ಟು ನಡುವಿನ ಚೆನ್ನಾಗಿ ಬಂದಿರುವ ತುಂಡನ್ನು ಬೀಜಕ್ಕೆಂದು ಗುರುತು ಮಾಡಿ. ಅಲ್ಲಿ ಮೂರು ಸಲ ಬೆರಕೆ ಕೀಳಬೇಕು: ಹೂ ಬರುವ ಮುಂಚೆ, ಹೂ ಬಂದಾಗ, ಕೊಯ್ಲಿಗೆ ಮುಂಚೆ. ಎತ್ತರ ಬೇರೆ, ಎಲೆಯ ಬುಡದ ಬಣ್ಣ ಬೇರೆ, ಹೂ ಬೇಗ ಅಥವಾ ತಡ, ಕಾಳಿನ ಬಣ್ಣ ಬೇರೆ, ಹೀಗೆ ಕಂಡದ್ದನ್ನೆಲ್ಲ ಬುಡಸಮೇತ ಕಿತ್ತು ಹೊರಹಾಕಿ. ತೆನೆ ಮಾತ್ರ ಮುರಿದರೆ ಬುಡದಿಂದ ಮತ್ತೆ ಒಡೆದು ತೆನೆ ಕೊಡುತ್ತದೆ.

ಪಕ್ಕದ ಹೊಲದ ದೂರವೂ ಲೆಕ್ಕಕ್ಕೆ ಬರುತ್ತದೆ. ಭತ್ತ, ರಾಗಿ, ಶೇಂಗಾ, ಸೋಯಾಗಳಲ್ಲಿ ಹೂವು ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ 3 ಮೀಟರ್ ಅಂತರ ಸಾಕು. ತೊಗರಿಗೆ ಹಾಗಲ್ಲ, ಜೇನುಹುಳ ಬೇರೆ ತಳಿಯ ಪರಾಗ ತರುತ್ತದೆ. ಕನಿಷ್ಠ 100 ಮೀಟರ್ ಬೇಕು. ಕಲಬುರಗಿ ಕಡೆ ಬದುವಿಗೆ ಬದು ಹತ್ತಿ ತೊಗರಿ ಇರುವಲ್ಲಿ ಇದು ಕಷ್ಟ. ನಾಲ್ಕು ಮನೆಯವರು ಒಟ್ಟಾಗಿ ಒಂದೇ ತಳಿ ಹಾಕಿದರೆ ಸಾಧ್ಯವಾಗುತ್ತದೆ.

ರಾಗಿಯಲ್ಲಿ ಗಿಡದ ಮುಖ್ಯ ಕಡ್ಡಿಯ ತೆನೆಯನ್ನೇ ಆರಿಸಿ. ಪಕ್ಕದ ತೆಂಡೆಗಳ ತೆನೆ ತಡವಾಗಿ ಬಲಿಯುತ್ತದೆ, ಕಾಳು ಸಣ್ಣದಾಗಿರುತ್ತದೆ. ಕತ್ತು ಕಪ್ಪಾಗಿದ್ದರೆ, ತೆನೆಯ ಒಂದೆರಡು ಬೆರಳು ತುದಿಯಿಂದ ಒಣಗಿ ಜೊಳ್ಳಾಗಿದ್ದರೆ ಅದು ಬೆಂಕಿ ರೋಗ, ಬೀಜಕ್ಕೆ ಬೇಡ. ಭತ್ತದಲ್ಲಿ ತೆನೆ ಬಿಚ್ಚದೆ ಕಡ್ಡಿಯಂತೆ ಅಂಟಿಕೊಂಡು ಬೂದು ಬಣ್ಣಕ್ಕೆ ತಿರುಗುವ ಊದುಬತ್ತಿ ರೋಗ ಬೀಜದಿಂದಲೇ ಬರುತ್ತದೆ. ಆ ಗದ್ದೆಯ ಭತ್ತವನ್ನು ಅಡುಗೆಗೆ ಬಳಸಿ, ಬಿತ್ತಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಬೀಜವನ್ನು 54 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯಬೇಕು. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಬೇಡಿ, ಶಾಖ ಸ್ವಲ್ಪ ಹೆಚ್ಚಿದರೂ ಮೊಳಕೆ ಸಾಯುತ್ತದೆ.

ಒಣಗಿಸುವುದು, ಇಡುವುದು

ಬೀಜ ಕೆಡುವುದಕ್ಕೆ ಮುಖ್ಯ ಕಾರಣ ತೇವ. ತೇವಾಂಶ ಶೇ 1ರಷ್ಟು ಇಳಿದರೆ ಬೀಜದ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆ, ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದರೂ ಹಾಗೆಯೇ. ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಈ ಲೆಕ್ಕ ಶೇ 5ರಿಂದ 14ರ ತೇವಾಂಶದ ನಡುವೆ ಅನ್ವಯಿಸುತ್ತದೆ. ಇಡುವಾಗ ಭತ್ತದಲ್ಲಿ ಶೇ 13, ರಾಗಿ, ಜೋಳ, ಸೋಯಾಗಳಲ್ಲಿ ಶೇ 12, ತೊಗರಿ, ಕಡಲೆ, ಶೇಂಗಾದಲ್ಲಿ ಶೇ 9ಕ್ಕಿಂತ ಹೆಚ್ಚು ತೇವ ಇರಬಾರದು.

ಮಾಪಕ ಇಲ್ಲದಿದ್ದರೆ ಒಂದು ಸುಲಭ ಉಪಾಯ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಒಣ ಪುಡಿ ಉಪ್ಪು, ಅದರ ಮೇಲೆ ಅರ್ಧದವರೆಗೆ ಬೀಜ ಹಾಕಿ ಮುಚ್ಚಿ ಕುಲುಕಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ಬೀಜದಲ್ಲಿ ತೇವ ಶೇ 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಬೇಕು. ಅಂಟದಿದ್ದರೆ ತೇವ ಅಪಾಯದ ಮಟ್ಟಕ್ಕಿಂತ ಕೆಳಗೆ ಇಳಿದಿದೆ ಎಂದಷ್ಟೇ ಅರ್ಥ. ತೊಗರಿ, ಶೇಂಗಾಗಳಿಗೆ ಇದು ಸಾಲದು. ತೊಗರಿ ಹಲ್ಲಿಗೆ ಕಟುಂ ಎಂದು ಒಡೆಯಬೇಕು, ಒತ್ತಿದರೆ ಚಪ್ಪಟೆಯಾಗಬಾರದು. ಶೇಂಗಾ ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಬೆರಳಲ್ಲಿ ಉಜ್ಜಿದರೆ ಬೀಜದ ಸಿಪ್ಪೆ ಬಿಡಬೇಕು.

ಮಧ್ಯಾಹ್ನ 12ರಿಂದ 3ರವರೆಗಿನ ಬಿಸಿಲಲ್ಲಿ ಸಿಮೆಂಟ್ ಕಣದ ಮೇಲೆ, ಡಾಂಬರು ರಸ್ತೆಯ ಮೇಲೆ ಬೀಜ ಹರಡಬೇಡಿ. ಬೆಳಿಗ್ಗೆ ಮತ್ತು ಇಳಿಹೊತ್ತಿನ ಬಿಸಿಲು ಸಾಕು. ಬೇಳೆಕಾಳಿನ ಬೀಜಕ್ಕೆ ಕಿಲೋಗೆ 5 ಮಿಲಿ ಹರಳೆಣ್ಣೆ ಸವರಿದರೆ ಕುಟ್ಟೆ ಹುಳ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಇಡುವ ಹಳೆಯ ರೂಢಿಯೂ ಇದೇ ಕೆಲಸ ಮಾಡುತ್ತದೆ. ಚೀಲಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಿ. ಗೊಬ್ಬರ, ಕೀಟನಾಶಕ ಇಟ್ಟ ಕೋಣೆಯಲ್ಲಿ ಬೀಜ ಇಡಲೇಬೇಡಿ.

ಜರಡಿ, ಮೊರ, ಉಪ್ಪುನೀರು

ತೂರಿ, ಮೊರದಲ್ಲಿ ಕೇರಿ, ಜರಡಿ ಹಿಡಿದು ಜೊಳ್ಳು, ಮುರುಕು, ಕಳೆಬೀಜ ತೆಗೆಯಿರಿ. ಬೇಳೆಕಾಳಿನ ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಹುಳದ ಮೊಟ್ಟೆ. ದುಂಡನೆಯ ತೂತು ಇದ್ದರೆ ಹುಳ ತಿಂದು ಹೊರಬಂದಿದೆ. ಅಂಥ ಕಾಳು ಮೊಳೆತರೂ ಸಸಿಗೆ ಬೇಕಾದ ಆಹಾರ ಉಳಿದಿರುವುದಿಲ್ಲ. ಸೋಯಾ ಕಾಳಿನ ಮೇಲೆ ನೇರಳೆ ಕಲೆ, ಸುಕ್ಕು, ಕಪ್ಪು ಬಣ್ಣ ಇರುವುದನ್ನೂ ಕೈಯಲ್ಲೇ ಹೆಕ್ಕಿ.

ಭತ್ತಕ್ಕೆ ಉಪ್ಪುನೀರಿನ ಪರೀಕ್ಷೆ ಇದ್ದೇ ಇದೆ. 15 ಲೀಟರ್ ಹಿಡಿಯುವ ಬಕೆಟ್‌ಗೆ 10 ಲೀಟರ್ ನೀರು ಹಾಕಿ, ಒಂದು ತಾಜಾ ಕೋಳಿಮೊಟ್ಟೆ ಬಿಡಿ. ಮುಳುಗುತ್ತದೆ. ಉಪ್ಪನ್ನು ಸ್ವಲ್ಪ ಸ್ವಲ್ಪ ಹಾಕಿ ಕಲಕುತ್ತಾ ಹೋಗಿ. ಮೊಟ್ಟೆ ಮೇಲೆದ್ದು ಹಳೆಯ ನಾಲ್ಕಾಣೆ ನಾಣ್ಯದಷ್ಟು ಅಗಲ ನೀರಿನ ಮೇಲೆ ಕಂಡಾಗ ಸಾಕು. ಸುಮಾರು ಒಂದೂವರೆ ಕಿಲೋ ಉಪ್ಪು ಹಿಡಿಯುತ್ತದೆ. ಮೊಟ್ಟೆ ಹಳೆಯದಾಗಿದ್ದರೆ ಉಪ್ಪಿಲ್ಲದೆಯೂ ತೇಲುತ್ತದೆ, ಲೆಕ್ಕ ತಪ್ಪುತ್ತದೆ. ಭತ್ತವನ್ನು ಸ್ವಲ್ಪ ಸ್ವಲ್ಪವೇ ಸುರಿದು ಕೈಯಾಡಿಸಿ, ತೇಲಿದ್ದನ್ನು ಬುಟ್ಟಿಯಿಂದ ತೆಗೆದುಬಿಡಿ. ಮುಳುಗಿದ್ದನ್ನು ಕೂಡಲೇ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಕುಂಠಿತವಾಗುತ್ತದೆ. ಸಜ್ಜೆಯಲ್ಲಿ ಅರ್ಗಟ್ ರೋಗದ ಗಡ್ಡೆಗಳನ್ನು ಬೇರ್ಪಡಿಸಲು 10 ಲೀಟರ್ ನೀರಿಗೆ 1 ಕಿಲೋ ಉಪ್ಪು ಸಾಕು, ಅವು ತೇಲಿ ಬರುತ್ತವೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಮುಳುಗಿದ್ದು ತುಂಬಿದ ಕಾಳು ಎಂಬುದಷ್ಟೇ ಈ ಪರೀಕ್ಷೆಯಿಂದ ಖಾತ್ರಿ. ಅದಕ್ಕೆ ಜೀವ ಇದೆಯೇ ಎಂಬುದಲ್ಲ. ನಾಲ್ಕು ವರ್ಷ ಹಳೆಯ ಸತ್ತ ಭತ್ತವೂ ಚೆನ್ನಾಗಿ ಮುಳುಗುತ್ತದೆ. ಸೂರ್ಯಕಾಂತಿಯ ಬೀಜ ಚೆನ್ನಾಗಿದ್ದರೂ ತೇಲುತ್ತದೆ. ಜೀವ ಇದೆಯೇ ಎಂದು ತಿಳಿಯಲು ಮೊಳಕೆ ಪರೀಕ್ಷೆಯೇ ಆಗಬೇಕು.

ಮೊಳಕೆ ಪರೀಕ್ಷೆ

ಮಾದರಿ ತೆಗೆಯುವುದರಲ್ಲೇ ಅರ್ಧ ತಪ್ಪುಗಳಾಗುತ್ತವೆ. ಚೀಲದ ಮೇಲಿನ ಒಂದು ಹಿಡಿ ಸಾಲದು. ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ತೆಗೆಯಿರಿ. ಹಲವು ಚೀಲಗಳಿದ್ದರೆ ಪ್ರತಿಯೊಂದರಿಂದಲೂ. ಬೇರೆ ಬೇರೆ ಲಾಟ್ ಇದ್ದರೆ ಬೆರೆಸಬೇಡಿ, ಪ್ರತ್ಯೇಕ ಪರೀಕ್ಷೆ ಮಾಡಿ. ತೆಗೆದದ್ದನ್ನು ತಟ್ಟೆಯಲ್ಲಿ ಚೆನ್ನಾಗಿ ಬೆರೆಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳಿ. ಸಾಕಷ್ಟು ಚಿಕ್ಕದಾಗುವವರೆಗೆ ಹೀಗೇ ಮಾಡಿ. ಆಮೇಲೆ ಆ ರಾಶಿಯ ಅಂಚಿನಿಂದ ಸಿಕ್ಕಿದಂತೆ ನೂರು ಕಾಳು ಎಣಿಸಿ. ಕೈ ತಾನಾಗಿಯೇ ದಪ್ಪ ಕಾಳಿನ ಕಡೆ ಹೋಗುತ್ತದೆ, ಅದಕ್ಕೆ ಬಿಡಬೇಡಿ. ಬಿತ್ತುವಾಗ ಕೂರಿಗೆ ಆರಿಸಿ ಬಿತ್ತುವುದಿಲ್ಲ.

ಪ್ರಯೋಗಾಲಯದಲ್ಲಿ ನೂರರಂತೆ ನಾಲ್ಕು ಕಂತು, ಒಟ್ಟು 400 ಕಾಳು ಇಡುತ್ತಾರೆ. ಕಾರಣ ಇದು: ನಿಜವಾಗಿ ಶೇ 80 ಮೊಳೆಯುವ ಬೀಜದಿಂದ ಒಂದೇ ನೂರು ಕಾಳು ತೆಗೆದರೆ ಅದೃಷ್ಟಕ್ಕೆ ತಕ್ಕಂತೆ 72 ಕೂಡ ಬರಬಹುದು, 88 ಕೂಡ ಬರಬಹುದು. 400 ಇಟ್ಟರೆ ಆ ಏರುಪೇರು ಅರ್ಧಕ್ಕೆ ಇಳಿಯುತ್ತದೆ. ಮನೆಯಲ್ಲಿ ಕನಿಷ್ಠ ಎರಡು ನೂರು, ಬೀಜ ಬದಲಿಸಬೇಕೋ ಬೇಡವೋ ಎಂಬ ಅನುಮಾನದ ಅಂಚಿನಲ್ಲಿದ್ದರೆ ನಾಲ್ಕು ನೂರು ಇಡಿ.

1. ಹಳೆಯ ಹತ್ತಿ ಪಂಚೆ ಅಥವಾ ಗೋಣಿತಾಟಿನ ತುಂಡನ್ನು ನೀರಿನಲ್ಲಿ ಕುದಿಸಿ ಹಿಂಡಿ. ಸೋಪು, ಫಿನಾಯಿಲ್ ವಾಸನೆ ಇರಬಾರದು. ಹಳೆಯ ಗೋಣಿಯನ್ನು ಕುದಿಸದೆ ಬಳಸಿದರೆ ಅದರಲ್ಲಿರುವ ಬೂಸ್ಟು ಬೀಜಕ್ಕೆ ಹತ್ತಿ, ಒಳ್ಳೆಯ ಬೀಜಕ್ಕೂ ಕೆಟ್ಟ ಹೆಸರು ಬರುತ್ತದೆ.

2. ಬಟ್ಟೆಯ ಒದ್ದೆ ಹದ ನೋಡಿ. ಬೆರಳಿಂದ ಒತ್ತಿದರೆ ತೇವ ತಾಗಬೇಕು, ಆದರೆ ಬೆರಳ ಸುತ್ತ ನೀರು ನಿಲ್ಲಬಾರದು. ನೀರು ಹೆಚ್ಚಾದರೆ ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಮನೆಯ ಪರೀಕ್ಷೆ ಕೆಡುವುದಕ್ಕೆ ಬಹುತೇಕ ಇದೇ ಕಾರಣ.

3. ಹತ್ತು ಸಾಲು, ಸಾಲಿಗೆ ಹತ್ತು ಕಾಳು ಜೋಡಿಸಿ. ಒಂದಕ್ಕೊಂದು ತಾಗದಂತೆ, ಕಾಳಿನ ದಪ್ಪದ ಮೂರರಷ್ಟು ಅಂತರವಾದರೂ ಇರಲಿ. ಒಂದು ಕೊಳೆತರೆ ಪಕ್ಕದ್ದಕ್ಕೆ ಹಬ್ಬಬಾರದು.

4. ಮೇಲೆ ಇನ್ನೊಂದು ಒದ್ದೆ ಬಟ್ಟೆ ಹೊದಿಸಿ ಸಡಿಲವಾಗಿ ಸುರುಳಿ ಸುತ್ತಿ, ಎರಡು ಕಡೆ ದಾರ ಕಟ್ಟಿ. ತಳಿ, ಲಾಟ್, ಇಟ್ಟ ದಿನಾಂಕ ಬರೆದ ಚೀಟಿ ಸಿಕ್ಕಿಸಿ.

5. ಸುರುಳಿಯನ್ನು ಮಲಗಿಸದೆ ಪಾತ್ರೆಯಲ್ಲಿ ಓರೆಯಾಗಿ ನಿಲ್ಲಿಸಿ, ಬೇರು ಕೆಳಕ್ಕೆ, ಕುಡಿ ಮೇಲಕ್ಕೆ ನೇರ ಬೆಳೆಯಲಿ. ಮನೆಯೊಳಗೆ ನೆರಳಲ್ಲಿ, 25ರಿಂದ 30 ಡಿಗ್ರಿ ಶಾಖ ಇರುವ ಕಡೆ ಇಡಿ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ.

ರಾಗಿ, ಮೆಣಸಿನಕಾಯಿ, ಟೊಮೆಟೊದಂಥ ಸಣ್ಣ ಬೀಜವನ್ನು ಸುರುಳಿ ಸುತ್ತುವುದಕ್ಕಿಂತ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಹರಡಿ ಇನ್ನೊಂದು ತಟ್ಟೆ ಮುಚ್ಚಿ ಇಡುವುದು ಅನುಕೂಲ.

ಎರಡು ಸಲ ಎಣಿಸಬೇಕು. ಮೊದಲ ಎಣಿಕೆಯ ದಿನ ಚೆನ್ನಾಗಿ ಬಂದ ಸಸಿಗಳನ್ನು ಎಣಿಸಿ ತೆಗೆದುಬಿಡಿ, ಕೊಳೆತದ್ದನ್ನೂ ತೆಗೆಯಿರಿ, ಉಳಿದದ್ದನ್ನು ಕೊನೆಯ ದಿನ ನೋಡಿ. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆಯನ್ನೂ ಜೊತೆಗೆ ಕೊಟ್ಟಿದೆ.

- ಭತ್ತ: 5 ಮತ್ತು 14ನೇ ದಿನ, ಶೇ 80
- ರಾಗಿ: 4 ಮತ್ತು 8ನೇ ದಿನ, ಶೇ 75
- ಜೋಳ: 4 ಮತ್ತು 10ನೇ ದಿನ, ಶೇ 75
- ಮೆಕ್ಕೆಜೋಳ ಹೈಬ್ರಿಡ್: 4 ಮತ್ತು 7ನೇ ದಿನ, ಶೇ 90
- ತೊಗರಿ: 4 ಮತ್ತು 6ನೇ ದಿನ, ಶೇ 75
- ಕಡಲೆ: 5 ಮತ್ತು 8ನೇ ದಿನ; ಶೇ 85
- ಸೋಯಾ: 5 ಮತ್ತು 8ನೇ ದಿನ, ಶೇ 70
- ಶೇಂಗಾ: 5 ಮತ್ತು 10ನೇ ದಿನ; ಶೇ 70
- ಸೂರ್ಯಕಾಂತಿ: 4 ಮತ್ತು 10ನೇ ದಿನ, ಶೇ 70
- ಈರುಳ್ಳಿ: 6 ಮತ್ತು 12ನೇ ದಿನ, ಶೇ 70
- ಟೊಮೆಟೊ: 5 ಮತ್ತು 14ನೇ ದಿನ, ಶೇ 70
- ಮೆಣಸಿನಕಾಯಿ: 7 ಮತ್ತು 14ನೇ ದಿನ, ಶೇ 60

ಬಟ್ಟೆ ಬಿಚ್ಚಿದಾಗ ಏನು ನೋಡಬೇಕು

ಬಿಳಿ ಬಾಲ ಹೊರಬಂದದ್ದನ್ನೆಲ್ಲ ಮೊಳಕೆ ಎಂದು ಎಣಿಸಿದರೆ ಶೇ 85 ಬಂದ ಬೀಜ ಹೊಲದಲ್ಲಿ ಶೇ 55 ಆಗುತ್ತದೆ. ಸಾರಿಗೆ ನೆನೆಸಿದ ಹೆಸರುಕಾಳಿಗೆ ಬಾಲ ಬಂದರೆ ಸಾಕು, ಬಿತ್ತುವ ಬೀಜಕ್ಕೆ ಸಾಲದು. ಒಂದೊಂದು ಸಸಿಯನ್ನೂ ಕೈಗೆತ್ತಿಕೊಂಡು ನೋಡಬೇಕು.

ಐದನೇ ದಿನ ಸೋಯಾದ ಸುರುಳಿ ಬಿಚ್ಚಿದ್ದೀರಿ ಎಂದುಕೊಳ್ಳಿ. ಒಳ್ಳೆಯ ಸಸಿಯಲ್ಲಿ ಬೇರು ಉದ್ದವಾಗಿ ಬೆಳ್ಳಗೆ, ತುದಿ ಚೂಪಾಗಿ ಇರುತ್ತದೆ. ಪಕ್ಕಬೇರು ಆಗಲೇ ಒಡೆಯುತ್ತಿರಬಹುದು. ಬೇರಿನ ಮೇಲಿನ ಕಾಂಡ ನೇರ, ಗಟ್ಟಿ. ಎರಡು ಬೇಳೆಗಳು ಪೂರ್ತಿ ಇರುತ್ತವೆ, ನಡುವೆ ಪುಟ್ಟ ಕುಡಿ ಕಾಣುತ್ತದೆ. ಇದು ಲೆಕ್ಕಕ್ಕೆ. ಪಕ್ಕದ್ದರಲ್ಲಿ ಬೇರು ಮೊಂಡಾಗಿ ತುದಿ ಕಂದಿದೆ. ಇನ್ನೊಂದರಲ್ಲಿ ಬೇರು ಚೆನ್ನಾಗಿದೆ, ಆದರೆ ಬೇಳೆಗಳ ನಡುವೆ ಕುಡಿಯೇ ಇಲ್ಲ. ಮತ್ತೊಂದರ ಕಾಂಡದಲ್ಲಿ ಅಡ್ಡ ಸೀಳು ಬಿಟ್ಟು ಕಂದು ಬಣ್ಣ ಕಟ್ಟಿದೆ. ಒಕ್ಕುವಾಗ ತಿಂದ ಪೆಟ್ಟಿನ ಗುರುತು ಅದು. ಈ ಮೂರೂ ಮೊಳೆತಿವೆ, ಮೂರನ್ನೂ ಎಣಿಸಬಾರದು. ನಾಲ್ಕು ಸೆಂಟಿಮೀಟರ್ ಮಣ್ಣು ತಳ್ಳಿಕೊಂಡು ಇವು ಮೇಲೆ ಬರುವುದಿಲ್ಲ. ಭತ್ತ, ರಾಗಿ, ಜೋಳದಲ್ಲಿ ಬೇರಿನ ಜೊತೆಗೆ ಮೊಳಕೆಯ ಹೊರಕವಚ ಸೀಳಿ ಹಸಿರೆಲೆ ಬಂದಿರಬೇಕು. ಕವಚ ಖಾಲಿಯಾಗಿದ್ದರೆ, ಎಲೆ ಪೂರ್ತಿ ಬಿಳಿಯಾಗಿದ್ದರೆ ಬಿಟ್ಟುಬಿಡಿ.

ಮೊಳೆಯದ ಕಾಳುಗಳಲ್ಲೂ ಮೂರು ಬಗೆ. ಒತ್ತಿದರೆ ಮೆತ್ತಗೆ ಕೀವಿನಂತೆ ಹೊರಬರುವುದು ಸತ್ತ ಬೀಜ. ನೀರೇ ಕುಡಿಯದೆ ಕಲ್ಲಿನಂತೆ ಉಳಿದದ್ದು ಗಟ್ಟಿ ಬೀಜ, ಹೆಸರು ಉದ್ದುಗಳಲ್ಲಿ ಇದು ಸಾಮಾನ್ಯ. ಜೀವ ಇರುತ್ತದೆ, ಆದರೆ ತಡವಾಗಿ ಹುಟ್ಟುತ್ತದೆ. ನೀರು ಕುಡಿದು ಉಬ್ಬಿ, ಕೊಳೆಯದೆ ಗಟ್ಟಿಯಾಗಿಯೇ ಇರುವುದು ಸುಪ್ತಾವಸ್ಥೆಯ ಬೀಜ. ಕೊಯ್ಲಾಗಿ ಕೆಲವೇ ವಾರವಾದ ಭತ್ತ, ಸೂರ್ಯಕಾಂತಿ, ಹಬ್ಬು ಶೇಂಗಾಗಳಲ್ಲಿ ಇಂಥವು ಹೆಚ್ಚಿದ್ದರೆ ಬೀಜ ಕೆಟ್ಟಿದೆ ಎಂದು ಎಸೆಯಬೇಡಿ, ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ. ಗೊಂಚಲು ಶೇಂಗಾಕ್ಕೆ ಈ ಸುಪ್ತಾವಸ್ಥೆ ಇಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಹೊಲದಲ್ಲೇ ಮೊಳೆಯುವುದು ಇದೇ ಕಾರಣಕ್ಕೆ.

ಬೂಸ್ಟಿನ ಬಣ್ಣವನ್ನೂ ಬರೆದಿಟ್ಟುಕೊಳ್ಳಿ. ಶೇಂಗಾ ಬೀಜದ ಮೇಲೆ ಮಸಿಯಂಥ ಕಪ್ಪು ಪುಡಿ ಎದ್ದರೆ, ಹೊಲದಲ್ಲಿ ಸಸಿಯ ಕತ್ತು ಕೊಳೆಯುವ ರೋಗ ತರುವ ಶಿಲೀಂಧ್ರ ಅದೇ. ಬೀಜೋಪಚಾರ (ಬಿತ್ತುವ ಮುಂಚೆ ಬೀಜಕ್ಕೆ ಔಷಧ ಲೇಪಿಸುವುದು) ತಪ್ಪಿಸುವಂತಿಲ್ಲ. ಹಳದಿ ಮಿಶ್ರಿತ ಹಸಿರು ಬೂಸ್ಟಾದರೆ ಅಫ್ಲಟಾಕ್ಸಿನ್ ವಿಷ ಉಂಟುಮಾಡುವ ಬಗೆಯದಿರಬಹುದು, ಆ ಲಾಟಿನ ಉಳಿಕೆಯನ್ನು ದನಕ್ಕೂ ಹಾಕಬೇಡಿ.

ವೇಗವೂ ಮುಖ್ಯ. ಎರಡು ಲಾಟ್‌ಗಳು ಕೊನೆಯಲ್ಲಿ ಶೇ 78ಕ್ಕೇ ನಿಂತರೂ, ಮೊದಲ ಎಣಿಕೆಯಲ್ಲಿ ಒಂದು 70 ಕೊಟ್ಟು ಇನ್ನೊಂದು 40 ಕೊಟ್ಟಿದ್ದರೆ ಮೊದಲನೆಯದನ್ನೇ ಬಿತ್ತಿ. ನಿಧಾನದ ಬೀಜ ಹದ ಆರುವ ಮುಂಚೆ ಮೇಲೇಳುವುದಿಲ್ಲ. ಬಟ್ಟೆಯ ಫಲಿತಾಂಶ ಚೆನ್ನಾಗಿ ಬಂದ ಮೇಲೆ ನಿಮ್ಮದೇ ಹೊಲದ ಮಣ್ಣು ತುಂಬಿದ ಬುಟ್ಟಿಯಲ್ಲಿ ಇನ್ನೊಂದು ನೂರು ಕಾಳನ್ನು ಬಿತ್ತುವ ಆಳದಲ್ಲೇ ಊರಿ ನೋಡಿ. ಅಲ್ಲಿ ಎದ್ದ ಸಂಖ್ಯೆ ಹೊಲಕ್ಕೆ ಹೆಚ್ಚು ಹತ್ತಿರ.

ಸೋಯಾ ಮತ್ತು ಶೇಂಗಾ: ಪೆಟ್ಟು ತಾಳದ ಬೀಜಗಳು

ಬೀದರ್, ಬೆಳಗಾವಿ, ಧಾರವಾಡ ಕಡೆ ಸೋಯಾ ಹುಟ್ಟಲಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಸೋಯಾ ಬೀಜದ ಸಿಪ್ಪೆ ತೀರಾ ತೆಳು, ಮೊಳಕೆ ಸಿಪ್ಪೆಯ ಕೆಳಗೇ ಇರುತ್ತದೆ. ಒಕ್ಕುವ ಯಂತ್ರದ ಡ್ರಮ್ ನಿಮಿಷಕ್ಕೆ 350ರಿಂದ 400 ಸುತ್ತಿಗಿಂತ ವೇಗವಾಗಿ ತಿರುಗಿದರೆ, ಕಾಳು ಅತಿಯಾಗಿ ಒಣಗಿದ ಮೇಲೆ ಒಕ್ಕಿದರೆ, ಚೀಲವನ್ನು ಲಾರಿಯಿಂದ ದೊಪ್ಪೆಂದು ಎಸೆದರೆ ಒಳಗಿನ ಜೀವಕ್ಕೆ ಪೆಟ್ಟಾಗುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಚೀಲಗಳನ್ನು ನಾಲ್ಕೈದಕ್ಕಿಂತ ಹೆಚ್ಚು ಎತ್ತರ ಪೇರಿಸಬೇಡಿ, ತಳದವು ಭಾರಕ್ಕೆ ಕೆಡುತ್ತವೆ.

ಪೆಟ್ಟು ಎಷ್ಟಾಗಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯಬಹುದು. ನೂರು ಕಾಳನ್ನು ನೀರಿನಲ್ಲಿ ಹಾಕಿ ಐದರಿಂದ ಹತ್ತು ನಿಮಿಷ ಬಿಡಿ. ಅಷ್ಟರಲ್ಲೇ ಉಬ್ಬಿ ಸುಕ್ಕುಗಟ್ಟಿದ ಕಾಳುಗಳ ಸಿಪ್ಪೆ ಬಿರುಕು ಬಿಟ್ಟಿದೆ. ಹತ್ತಕ್ಕಿಂತ ಹೆಚ್ಚು ಕಂಡರೆ ಆ ಲಾಟನ್ನು ಅನುಮಾನದಿಂದ ನೋಡಿ, ಪೂರ್ತಿ ಮೊಳಕೆ ಪರೀಕ್ಷೆ ಮಾಡದೆ ಬಿತ್ತಬೇಡಿ. ಸೋಯಾವನ್ನು ಬಟ್ಟೆಯ ಬದಲು ಮರಳಿನಲ್ಲಿ ಪರೀಕ್ಷಿಸುವುದು ಉತ್ತಮ. ಒದ್ದೆ ಬಟ್ಟೆಯಲ್ಲಿ ಇದು ನೀರನ್ನು ಗಬಗಬನೆ ಕುಡಿದು ಒಡೆದುಕೊಳ್ಳುತ್ತದೆ. ಮರಳನ್ನು ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳು ತಾಗಿಸಿದರೆ ಉದುರುವಷ್ಟು ತೇವ ಮಾಡಿ, ಬೀಜದ ಮೇಲೆ ಒಂದೆರಡು ಸೆಂಟಿಮೀಟರ್ ಮುಚ್ಚಿ.

ಶೇಂಗಾವನ್ನು ಕಾಯಿಯಲ್ಲೇ ಇಡಿ. ಬಿತ್ತನೆಗೆ ಒಂದೆರಡು ವಾರ ಇರುವಾಗ ಕೈಯಲ್ಲಿ ಸುಲಿಯಿರಿ. ಯಂತ್ರದಲ್ಲಿ ಸುಲಿದಾಗ ಸಿಪ್ಪೆ ಹೋದ, ಮೊಳಕೆ ಮುರಿದ ಬೀಜ ಹೆಚ್ಚು. ಕೆಂಪು ಸಿಪ್ಪೆ ಕಿತ್ತುಬಂದ ಬೀಜ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಕೂಲಿ ಖರ್ಚಿನ ಮಾತು ಬರುತ್ತದೆ, ನಿಜ. ಆದರೆ ಚಳ್ಳಕೆರೆ, ಪಾವಗಡದಂಥ ಕಡೆ ಒಂದೇ ಹದದ ಮಳೆ ನಂಬಿ ಬಿತ್ತುವವರಿಗೆ ಮರುಬಿತ್ತನೆಯ ಖರ್ಚು ಅದಕ್ಕಿಂತ ಬಹಳ ದೊಡ್ಡದು.

ಬೀಜದ ಪ್ರಮಾಣ ಲೆಕ್ಕ ಹಾಕುವುದು

ಸೋಯಾವನ್ನೇ ತೆಗೆದುಕೊಳ್ಳೋಣ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂದರೆ ಎಕರೆಗೆ ಸುಮಾರು 1.35 ಲಕ್ಷ ಗಿಡ. ಸಾವಿರ ಕಾಳು 120 ಗ್ರಾಂ ತೂಗಿದರೆ ಅಷ್ಟು ಕಾಳಿನ ತೂಕ 16.2 ಕಿಲೋ. ಮೊಳಕೆ ಶೇ 70 ಇದ್ದರೆ 16.2ನ್ನು 0.70ರಿಂದ ಭಾಗಿಸಿ: 23 ಕಿಲೋ. ಮೊಳೆಯಬಲ್ಲ ಬೀಜದಲ್ಲೂ ಹೊಲದಲ್ಲಿ ನೂರಕ್ಕೆ 80 ಮಾತ್ರ ಎದ್ದರೆ 29 ಕಿಲೋ. ಎಕರೆಗೆ 25ರಿಂದ 30 ಕಿಲೋ ಎಂಬ ಶಿಫಾರಸು ಹೊಂದುವುದು ಹೀಗೆ. ನಿಮ್ಮ ಬೀಜ ಶೇ 85 ಮೊಳೆತರೆ 24 ಕಿಲೋ ಸಾಕು, ಶೇ 55 ಆದರೆ 37 ಕಿಲೋ ಬೇಕು. ಸಾವಿರ ಕಾಳಿನ ತೂಕವನ್ನು ನಿಮ್ಮ ಬೀಜದಿಂದಲೇ ತೂಗಿ ತಿಳಿಯಿರಿ, ದಪ್ಪ ಕಾಳಿನ ತಳಿಗೆ ಕಿಲೋ ಹೆಚ್ಚು ಬೇಕು.

ಆದರೆ ಈ ಲೆಕ್ಕಕ್ಕೊಂದು ಮಿತಿಯಿದೆ. ಮೊಳಕೆ ಕುಸಿದ ಲಾಟಿನಲ್ಲಿ ಮೊಳೆತ ಸಸಿಗಳಿಗೂ ಕಸುವು ಕಡಿಮೆ. ಶೇ 50ಕ್ಕಿಂತ ಕೆಳಗಿದ್ದರೆ ಎರಡರಷ್ಟು ಬಿತ್ತಿದರೂ ಹೊಲ ತುಂಬುವುದಿಲ್ಲ. ಅಂಥ ಬೀಜವನ್ನು ಬಿಟ್ಟುಬಿಡಿ.

ಬೀಜೋಪಚಾರ

ಪರೀಕ್ಷೆ ಮುಗಿದು ಬೀಜ ಒಪ್ಪಿಗೆಯಾದ ಮೇಲೆ ಉಪಚಾರ. ಶೇಂಗಾ, ತೊಗರಿ, ಕಡಲೆಗೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ. ರಾಗಿಯ ಬೆಂಕಿ ರೋಗಕ್ಕೆ ಕಿಲೋಗೆ 2 ಗ್ರಾಂ ಕಾರ್ಬೆಂಡಜಿಮ್. ಇವೆರಡನ್ನೂ ಒಂದೇ ಬೀಜಕ್ಕೆ ಹಾಕಬೇಡಿ, ಟ್ರೈಕೋಡರ್ಮಾ ತಾನೇ ಶಿಲೀಂಧ್ರ, ರಾಸಾಯನಿಕ ಅದನ್ನು ಕೊಲ್ಲುತ್ತದೆ. ಹಲವು ಉಪಚಾರ ಇದ್ದರೆ ಕ್ರಮ ಹೀಗಿರಲಿ: ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕೊನೆಗೆ ಬಿತ್ತುವ ದಿನ ರೈಜೋಬಿಯಂ (ಬೇಳೆಕಾಳು ಗಿಡದ ಬೇರಿಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ). ರೈಜೋಬಿಯಂ ಅಂಟಿಸುವ ಬೆಲ್ಲದ ಪಾಕ ಪೂರ್ತಿ ಆರಿರಬೇಕು. ಲೇಪಿಸಿದ ಬೀಜ ನೆರಳಲ್ಲಿ ಒಣಗಲಿ. ಸೋಯಾ, ಶೇಂಗಾವನ್ನು ಕೈಯಲ್ಲಿ ಉಜ್ಜದೆ ಚೀಲದಲ್ಲಿ ಮೆಲ್ಲಗೆ ಹೊರಳಿಸಿ. ಬಣ್ಣ ಹಚ್ಚಿ ಉಪಚರಿಸಿದ ಬೀಜ ಉಳಿದರೆ ತಿನ್ನಬಾರದು, ಕೋಳಿ ದನಗಳಿಗೂ ಹಾಕಬಾರದು.

ಕೊಂಡ ಬೀಜ ಮೊಳೆಯದಿದ್ದರೆ

ಚೀಲ ಬಿಚ್ಚುವಾಗಲೇ ಚೀಟಿಯನ್ನು ಹರಿಯದೆ ಬಿಡಿಸಿ, ಚೀಲ ಮತ್ತು ಬಿಲ್ಲಿನ ಜೊತೆ ಇಡಿ. ಬಿತ್ತುವ ಮುಂಚೆ ಒಂದು ಹಿಡಿಯಲ್ಲ, ಅರ್ಧ ಕಿಲೋ ಬೀಜವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಎತ್ತಿಡಿ. ಹೂ ಬರುವವರೆಗೆ ಅದು ಮನೆಯಲ್ಲಿರಲಿ. ಮನೆಯ ಪರೀಕ್ಷೆಯಲ್ಲೇ ಕಡಿಮೆ ಬಂದರೆ ಬಿತ್ತಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ಅವರು ಅಂಗಡಿಯಲ್ಲಿ ಉಳಿದ ಅದೇ ಲಾಟಿನಿಂದ ಅಧಿಕೃತ ಮಾದರಿ ತೆಗೆದು ಇಲಾಖೆಯ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬಹುದು. ನೀವು ತೆಗೆದ ಮಾದರಿಗಿಂತ 1966ರ ಬೀಜ ಕಾಯ್ದೆಯಡಿ ಅವರು ತೆಗೆದದ್ದಕ್ಕೆ ಬೆಲೆ ಹೆಚ್ಚು. ಬಿತ್ತಿದ ಮೇಲೆ ಗೊತ್ತಾದರೆ ಹೊಲವನ್ನು ಉಳುಮೆ ಮಾಡಿ ಅಳಿಸುವ ಮುಂಚೆ ಅಧಿಕಾರಿಗಳನ್ನು ಕರೆಸಿ ಪರಿಶೀಲನಾ ವರದಿ ಬರೆಸಿಕೊಳ್ಳಿ. ಸಾಲಿನ ಒಂದು ಮೀಟರ್ ಉದ್ದದಲ್ಲಿ ಎಷ್ಟು ಗಿಡ ಎಂದು ಹೊಲದ ಹತ್ತು ಕಡೆ ಎಣಿಸಿ, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಬೀಜ ಕೊಂಡ ರೈತರೂ ಗ್ರಾಹಕರೇ, ಬೀಜ ಕಾಯ್ದೆ ಇದ್ದರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ಕೇಳುವುದು ಬಿಲ್ಲು, ಚೀಟಿ, ಲಾಟ್ ಸಂಖ್ಯೆ, ಎತ್ತಿಟ್ಟ ಬೀಜ ಮತ್ತು ಆ ವರದಿ.